ಕಳ್ಳುಸಿರು

ನಾನು ಹಲ್ಲು ಮಾಡುವವಳು. ಹಲ್ಲು ಕೀಳುವ ಡಾಕ್ಟರು ಮುಂದಿನ ಕೋಣೆಯಲ್ಲಿರುತ್ತಾರೆ. ಅವರು ಕಿತ್ತದ್ದಕ್ಕೆ ಬದಲಿ ಕಟ್ಟಿಕೊಡುವ ನಾನು ಹಿಂದಿನ ಕೋಣೆಯಲ್ಲಿ, ಬಿಳಿ ಪುಡಿ, ಗುಲಾಬಿ ಮೇಣ, ಸಣ್ಣದೊಂದು ದೀಪ, ಗಿರ್ರೆನ್ನುವ ಮೋಟಾರು ಇವುಗಳ ನಡುವೆ. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಹಾಗಾಗಿ ಯಾರಾದರೂ ಎದುರು ಸಿಕ್ಕರೆ ನಾನು ಮುಖ ನೋಡುವುದಿಲ್ಲ, ಮೊದಲು ಬಾಯಿ ನೋಡುತ್ತೇನೆ. ಅದು ಕೆಟ್ಟ ಅಭ್ಯಾಸ ಅಂತ ನನ್ನ ನಾದಿನಿ ನೂರು ಸಲ ಹೇಳಿದ್ದಾಳೆ. ಅವಳ ಮೇಲಿನ ಸಾಲಿನಲ್ಲಿ ಒಂದು ಹಲ್ಲು ಓರೆಯಾಗಿದೆ, ಸಿಟ್ಟು ಅದಕ್ಕೆ.

ಅವಳಣ್ಣ, ಅಂದರೆ ನಮ್ಮನೆಯವರು, ಅವರದು ಮಾತ್ರ ಮೂವತ್ತೆರಡಕ್ಕೆ ಮೂವತ್ತೆರಡೂ ಗಟ್ಟಿ. ಮದುವೆಗೆ ಮೊದಲು ನೋಡಲು ಬಂದಾಗ ನಾನು ಒಪ್ಪಿದ್ದೇ ಆ ಹಲ್ಲಿಗೆ. ಆದರೆ ನಾನು ಹೇಳಹೊರಟಿರುವ ಕಾಲಕ್ಕೆ, ಆ ಹಲ್ಲನ್ನು ನಾನು ನೋಡಿ ಹದಿನಾಲ್ಕು ತಿಂಗಳಾಗಿತ್ತು.

ಅವರು ಕ್ರೇನ್ ನಡೆಸುತ್ತಿದ್ದರು. ರಸ್ತೆಯಲ್ಲಿ ಓಡಾಡುವ ಪುಟಾಣಿ ಕ್ರೇನ್ ಅಲ್ಲ. ಇಪ್ಪತ್ತು ಮೂವತ್ತು ಅಂತಸ್ತಿನ ಕಟ್ಟಡ ಏಳುವಾಗ ಅದರ ನೆತ್ತಿಗಿಂತ ಮೇಲೆ ಒಂಟಿ ತೋಳು ಚಾಚಿಕೊಂಡು ನಿಂತಿರುತ್ತದಲ್ಲ, ಅದು. ಬೆಳಿಗ್ಗೆ ಏಣಿ ಹತ್ತಿದರೆ ಸಂಜೆ ಇಳಿಯುವುದು. ಮೇಲೆ ಒಂದು ಗಾಜಿನ ಗೂಡು, ಒಂದು ಕುರ್ಚಿ, ಎರಡು ಹಿಡಿಕೆ. ಕೆಳಗೆ ನಿಂತವನು ಕೈ ಎತ್ತಿದರೆ ಭಾರ ಎತ್ತಬೇಕು, ಎತ್ತಿದ ಕೈಯನ್ನು ಹಾಗೇ ನಿಲ್ಲಿಸಿದರೆ ಭಾರವನ್ನು ಗಾಳಿಯಲ್ಲೇ ಅಲುಗದಂತೆ ಹಿಡಿಯಬೇಕು, ಕೈ ಇಳಿಸಿದರೆ ಮಾತ್ರ ಇಳಿಸಬೇಕು. ಒಮ್ಮೆ ಕೆಳಗಿನವನ ಮೇಲೆ ಜೇನ್ನೊಣಗಳು ಎರಗಿ, ಅವನು ಎತ್ತಿದ ಕೈ ಎತ್ತಿದಂತೆಯೇ ಓಡಿಹೋದನಂತೆ. ಇವರು ಒಂದು ಇಡೀ ಗೋಡೆಯನ್ನು ನಲವತ್ತು ನಿಮಿಷ ಗಾಳಿಯಲ್ಲಿ ಹಿಡಿದುಕೊಂಡು ಕೂತರು. ಬೇರೆಯವನು ಬಂದು ಕೈ ಇಳಿಸಿದ ಮೇಲೆಯೇ ಇಳಿಸಿದ್ದು. "ಕೈ ಇಳೀಲಿಲ್ವಲ್ಲ, ನಾನ್ಹೇಗೆ ಇಳಿಸ್ಲಿ?" ಅಂತ ಬಂದವರಿಗೆಲ್ಲ ಈ ಕತೆ ಹೇಳಿ ಹೇಳಿ ನನ್ನ ಕಿವಿ ತೂತು ಮಾಡಿದ್ದರು.

ಕಣ್ಣಿನ ಪರೀಕ್ಷೆಯಲ್ಲಿ ಸೋತರು ಅಂತ ಅವರನ್ನು ಕೆಳಗಿಳಿಸಿದರು. ಬೀಳ್ಕೊಡುಗೆಗೆ ಒಂದು ಗೋಡೆ ಗಡಿಯಾರ ಕೊಟ್ಟರು. ಮೂವತ್ತು ವರ್ಷ ಹೊತ್ತು ಗೊತ್ತಾಗದಂತೆ ಕೆಲಸ ಮಾಡಿದವರಿಗೆ, ಇನ್ನು ಮೇಲೆ ಒಂದೊಂದು ನಿಮಿಷವನ್ನೂ ನೋಡುತ್ತಾ ಕೂತಿರಿ ಅಂತ ಹೇಳಿದ ಹಾಗೆ. ಅವರು ಹಾಗೆಯೇ ಕೂತರು. ಕಿಟಕಿ ಪಕ್ಕದ ಕುರ್ಚಿಯಲ್ಲಿ ಬೆಳಿಗ್ಗೆ ಕೂತರೆ ಸಂಜೆ ಏಳುವುದು. ಮೊದಮೊದಲು ನಾನು ಬೈದೆ. ಆಮೇಲೆ ರಮಿಸಿದೆ. ಆಮೇಲೆ ಮತ್ತೆ ಬೈದೆ. ಗೋಡೆಗೆ ಬೈದರೆ ಅದಾದರೂ ಪ್ರತಿಧ್ವನಿ ಕೊಡುತ್ತದೆ, ಇವರು ಅದನ್ನೂ ಕೊಡಲಿಲ್ಲ. ಜಗಳವಿಲ್ಲದ ಸಂಸಾರ ಸುಖ ಅಂತ ಯಾರು ಹೇಳಿದರೋ, ಅವರು ನಮ್ಮನೆಯಲ್ಲಿ ಒಂದು ವಾರ ಇದ್ದು ನೋಡಬೇಕಿತ್ತು.

ಒಂದು ಬೆಳಿಗ್ಗೆ ನಾನು ಬ್ಯಾಗು ಹೆಗಲಿಗೇರಿಸಿ ಹೊರಟಿದ್ದೆ. ಅವರು ಕಿಟಕಿ ಕಡೆ ನೋಡಿಕೊಂಡೇ, "ನಾನು ಇಲ್ದಿದ್ರೆ ನಿನಗೆ ಎಷ್ಟೋ ಆರಾಮ" ಅಂದರು.

ಸಿಟ್ಟಿಲ್ಲ, ಅಳುವಿಲ್ಲ. ಹಾಲು ಮುಗಿದಿದೆ ಅನ್ನುವ ಹಾಗೆ ಹೇಳಿದರು. ಬ್ಯಾಗು ಕೆಳಗಿಟ್ಟು ಅವರನ್ನು ಎಬ್ಬಿಸಿಕೊಂಡು ನೇರ ಡಾಕ್ಟರ ಹತ್ತಿರ ಹೋದೆ. ಹಲ್ಲಿನ ಡಾಕ್ಟರಲ್ಲ, ಮನಸ್ಸಿನ ಡಾಕ್ಟರು. ಅವರು ತುಂಬಾ ಹೊತ್ತು ಮಾತಾಡಿಸಿದರು, ಮಾತ್ರೆ ಬರೆದರು, ತಪ್ಪದೆ ಬರಬೇಕು ಅಂದರು. ಕೊನೆಯಲ್ಲಿ, "ಜನರ ಜೊತೆ ಸೇರಿ ಮಾಡೋ ಕೆಲಸ ಏನಾದ್ರೂ ಹುಡುಕಿ. ಒಬ್ರೇ ಕೂರೋಕೆ ಬಿಡಬೇಡಿ" ಅಂತ ನನಗೆ ಹೇಳಿದರು. ಮಾತ್ರೆ ಅಂಗಡಿಯಲ್ಲಿ ಸಿಕ್ಕಿತು. ಜನ ಎಲ್ಲಿ ಸಿಗುತ್ತಾರೆ?

ಸಿಕ್ಕಿದ್ದು ನನ್ನ ಕೆಲಸದ ಕೋಣೆಯಲ್ಲೇ. ಎಂಬತ್ತರ ಹತ್ತಿರದ ಒಬ್ಬ ತಾತ, ನಾನೇ ಕಟ್ಟಿಕೊಟ್ಟ ಹಲ್ಲಿನ ಸೆಟ್ಟು ಹಿಡಿದುಕೊಂಡು ಜಗಳಕ್ಕೆ ಬಂದಿದ್ದರು. ಬಾಯಿ ದೊಡ್ಡದಾಗಿ ತೆರೆದಾಗಲೆಲ್ಲ ಅದು ಟಕ್ ಅನ್ನುತ್ತದಂತೆ.

"ಈ ವಯಸ್ಸಲ್ಲಿ ಬಾಯಿ ಅಷ್ಟು ದೊಡ್ಡದಾಗಿ ತೆರೆಯೋ ಕೆಲಸ ಏನು ತಾತ ನಿಮ್ದು?" ಅಂದೆ.

"ಹಾಡ್ತೀನಮ್ಮ. ಹದಿಮೂರು ಜನ ಇರಬೇಕು, ಹನ್ನೊಂದೇ ಇದ್ದೀವಿ. ಗುರುವಾರ ಗುರುವಾರ ಸೇರ್ತೀವಿ. ಹಾಡಿ ಬಂದ್ರೆ ಎರಡು ದಿನ ಮಂಡಿ ನೋವು ಎಲ್ಲಿ ಹೋಯ್ತು ಅಂತಾನೇ ಗೊತ್ತಾಗಲ್ಲ. ಮುದುಕಿ ಹೋದ್ಮೇಲೆ ಮನೇಲಿ ನನ್ನ ದನಿ ನಾನೇ ಕೇಳಿರ್ಲಿಲ್ಲ, ನೋಡು."

ಆ ಸೆಟ್ಟನ್ನು ಅವತ್ತೇ ಉಜ್ಜಿ ಸರಿಮಾಡಿಕೊಟ್ಟೆ. ಟಕ್ ಪೂರ್ತಿ ಹೋಗಲಿಲ್ಲ, ನನ್ನ ಕೆಲಸಕ್ಕೆ ಅದೊಂದು ಕಪ್ಪುಚುಕ್ಕೆ. ಆದರೆ ವಿಳಾಸ ಬರೆದುಕೊಂಡೆ.

ನಮ್ಮನೆಯವರನ್ನು ಕರೆದೊಯ್ಯಲು ಒಂದು ಸುಳ್ಳು ಬೇಕಾಯಿತು. ನನಗೆ ಹಾಡಬೇಕು ಅಂತ ಆಸೆಯಾಗಿದೆ, ಅಲ್ಲಿನ ಮೆಟ್ಟಿಲು ಕಡಿದು, ಜೊತೆಗೆ ಬನ್ನಿ ಅಂದೆ. ನನ್ನ ದನಿ ನನ್ನ ಮೋಟಾರಿಗೆ ಅಕ್ಕತಂಗಿ. ಬೇರೆ ಕಾಲದಲ್ಲಾಗಿದ್ದರೆ ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಈಗ ಸುಮ್ಮನೆ ಎದ್ದು ಚಪ್ಪಲಿ ಹಾಕಿಕೊಂಡರು. ಬೇಡ ಅನ್ನುವುದಕ್ಕೂ ಮನಸ್ಸು ಬೇಕಲ್ಲ.

ಕುರ್ಚಿ ರಿಪೇರಿ ಅಂಗಡಿಯ ಮೇಲಿನ ಅಟ್ಟದಲ್ಲಿ ಹಾಡು. ಅಂಗಡಿಯವನೂ ಹಾಡುವವನೇ, ಎಲ್ಲರೂ ಕುರ್ಚಿಯಣ್ಣ ಅನ್ನುತ್ತಿದ್ದರು. ದನಿ ಬಾವಿಯಿಂದ ಬಂದ ಹಾಗೆ, ಕೆಳಗಿನ ಸಾಲಿನಲ್ಲಿ ನಾಲ್ಕು ಹಲ್ಲಿಲ್ಲ. ಕೂರಲು ರಿಪೇರಿಗೆ ಬಂದ ಕುರ್ಚಿಗಳೇ. ಈ ಗುರುವಾರ ಕೂತ ಮೆತ್ತನೆಯ ಕುರ್ಚಿ ಮುಂದಿನ ಗುರುವಾರ ಯಾರದೋ ಮನೆ ಸೇರಿರುತ್ತಿತ್ತು, ಅದರ ಜಾಗದಲ್ಲಿ ಮೂರು ಕಾಲಿನದು ಬಂದಿರುತ್ತಿತ್ತು. ಹಾಗಾಗಿ ಎಲ್ಲರೂ ಬೇಗ ಬರುತ್ತಿದ್ದರು. ಅಂಚೆ ಹಂಚುವ ಒಬ್ಬ ಹೆಂಗಸಿದ್ದಳು, ಅಂಚೆಯಕ್ಕ. ಊರಿನ ನಾಯಿಗಳಿಗೆಲ್ಲ ಬೈದು ಬೈದು ಗಂಟಲು ಪಳಗಿತ್ತು, ಮೇಲಿನ ಸ್ವರ ಅವಳದೇ. ಮಿಕ್ಕವರು ಬೇಕರಿಯವರು, ಬಸ್ಸಿನವರು, ಗುಮಾಸ್ತರು, ಹೀಗೆ.

ಹಾಡಿಸುವವಳು ಈಜು ಕಲಿಸುವ ಕೋಚ್. ಆರಡಿ ಎತ್ತರ, ಕುತ್ತಿಗೆಯಲ್ಲಿ ಸೀಟಿ. ಸಂಗೀತ ಎಲ್ಲಿ ಕಲಿತಳೋ ಗೊತ್ತಿಲ್ಲ, ಆದರೆ ಉಸಿರಿನ ವಿಷಯದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ತಪ್ಪು ಹಾಡಿದರೆ ಕ್ಷಮಿಸುತ್ತಿದ್ದಳು, ತಪ್ಪು ಉಸಿರಾಡಿದರೆ ಸೀಟಿ ಊದುತ್ತಿದ್ದಳು.

"ಇಷ್ಟು ಜನ ಹಾಡ್ತಿದ್ರೆ ದನಿ ನಿಲ್ಲಬಾರದು. ಆದ್ರೆ ಉಸಿರು ಎಲ್ರಿಗೂ ಬೇಕು. ಏನು ಮಾಡೋದು? ಕದಿಯೋದು! ಪಕ್ಕದವರು ಹಾಡ್ತಿರುವಾಗ ನೀವು ಮೆಲ್ಲಗೆ ಬಿಟ್ಟು, ಸಣ್ಣಗೆ ಉಸಿರು ಎಳ್ಕೊಂಡು, ಯಾರಿಗೂ ಗೊತ್ತಾಗದ ಹಾಗೆ ವಾಪಸ್ ಸೇರ್ಕೊಳಿ. ನೀವು ಬಿಟ್ಟಾಗ ಅವರು ಹಿಡೀತಾರೆ, ಅವರು ಬಿಟ್ಟಾಗ ನೀವು ಹಿಡೀರಿ. ಇದಕ್ಕೆ ಕಳ್ಳುಸಿರು ಅಂತ ಹೆಸರು."

ಅವಳೇ ಕಟ್ಟಿದ ಒಂದು ಹಾಡಿತ್ತು. ಹಾಡಿನ ಕೊನೆಯ ಮಾತು, "ಬಾಗಿಲು ತೆರೆದಿದೆ, ಹೊರಗೆ ಬಾ". ಆ 'ಬಾ' ಎನ್ನುವುದನ್ನು ನಲವತ್ತು ಎಣಿಸುವವರೆಗೆ ಎಳೆಯಬೇಕು. ಒಬ್ಬ ಮನುಷ್ಯನಿಂದ ಆಗದ ಕೆಲಸ. ಅದಕ್ಕೇ ಒಬ್ಬೊಬ್ಬರಿಗೂ ಉಸಿರು ಕದಿಯಲು ಒಂದೊಂದು ಎಣಿಕೆ ಗೊತ್ತುಮಾಡಿದ್ದಳು. ಕುರ್ಚಿಯಣ್ಣನಿಗೆ ಹತ್ತು, ಟಕ್ ತಾತನಿಗೆ ಹದಿನೆಂಟು, ನನಗೆ ಹನ್ನೆರಡು. ನಮ್ಮನೆಯವರಿಗೆ ಹದಿನಾಲ್ಕು ಅಂತ ಬರೆದಿಟ್ಟಳು.

"ಅವರು ಹಾಡಲ್ಲ ಕೋಚ್, ಸುಮ್ನೆ ನನ್ನ ಜೊತೆ ಬಂದಿದ್ದಾರೆ" ಅಂದೆ.

"ಉಸಿರಾಡ್ತಾರಲ್ಲ? ಸಾಕು" ಅಂದಳು. ಕುರ್ಚಿಯಣ್ಣನಿಗೂ ಟಕ್ ತಾತನಿಗೂ ನಡುವೆ ಅವರನ್ನು ನಿಲ್ಲಿಸಿದಳು.

ನಾಲ್ಕು ಗುರುವಾರ ಅವರು ನಿಂತರು, ಅಷ್ಟೇ. ಐದನೆಯದಕ್ಕೆ ತುಟಿ ಅಲುಗಿತು. ಆರನೆಯದಕ್ಕೆ ನನ್ನ ಬೆನ್ನ ಹಿಂದೆ, ಕುರ್ಚಿಯಣ್ಣನ ದಪ್ಪ ದನಿಯ ಅಂಚಿನಲ್ಲಿ, ಇನ್ನೊಂದು ದನಿ ಕೇಳಿಸಿತು. ಸಣ್ಣಗೆ, ಧೂಳು ಹಿಡಿದು ಮೂಲೆಯಲ್ಲಿದ್ದ ವಸ್ತು ಎಳೆದ ಹಾಗೆ. ನಾನು ತಿರುಗಿ ನೋಡಲಿಲ್ಲ. ನೋಡಿದರೆ ನಿಂತುಹೋಗುತ್ತದೇನೋ ಅನ್ನುವ ಭಯ. ಕಣ್ಣು ತುಂಬಿ ಕೈಯಲ್ಲಿದ್ದ ಹಾಡಿನ ಹಾಳೆ ಮಸುಕಾಯಿತು, ಎಲ್ಲೆಲ್ಲೋ ಹಾಡಿದೆ, ಸೀಟಿ ತಿಂದೆ.

ಅಲ್ಲಿಂದ ಮನೆಯಲ್ಲಿ ಸಣ್ಣಪುಟ್ಟದ್ದು ಶುರುವಾಯಿತು. ಒಂದು ದಿನ ಸೋರುವ ನಲ್ಲಿ ಸರಿಮಾಡಿದರು. ಇನ್ನೊಂದು ದಿನ ಎರಡನೇ ಸಲ ಬಡಿಸಿಕೊಂಡರು. ಡಾಕ್ಟರ ಹತ್ತಿರ ನಾನು ಉತ್ತರ ಹೇಳುವ ಮೊದಲೇ ತಾವೇ, "ನಿದ್ದೆ ಬರ್ತಿದೆ" ಅಂದರು. ನಿಜ ಹೇಳಬೇಕೆಂದರೆ ನನಗೂ ಬರುತ್ತಿತ್ತು. ನನ್ನದೇನು ಕಾಯಿಲೆ, ನಾನು ಗುಂಡುಕಲ್ಲಿನ ಹಾಗಿದ್ದೀನಿ ಅಂದುಕೊಂಡಿದ್ದೆ. ಆದರೆ ಗುರುವಾರ ಹಾಡಿ ಬಂದ ಮೇಲೆ ಹೆಗಲು ಎರಡು ಬೆರಳು ಕೆಳಗಿಳಿದಿರುತ್ತಿತ್ತು. ಅದು ಅಷ್ಟು ದಿನ ಕಿವಿಯ ಹತ್ತಿರ ಏರಿ ಕೂತಿತ್ತು ಅನ್ನುವುದೇ ನನಗೆ ಗೊತ್ತಿರಲಿಲ್ಲ. ಹನ್ನೆರಡು ಜನರ ದನಿ ಸುತ್ತ ಇರುವಾಗ ಮನುಷ್ಯ ತನ್ನ ಚಿಂತೆಯನ್ನು ತಾನೇ ಕೇಳಿಸಿಕೊಳ್ಳಲಾರ, ಅಷ್ಟು ಗದ್ದಲ.

ಕೋಚ್ ಕಲಿಸುತ್ತಿದ್ದ ಈಜುಕೊಳ ದುರಸ್ತಿಯಾಗಿ ಮತ್ತೆ ತೆರೆಯುವುದಿತ್ತು. ಭಾನುವಾರ ಬೆಳಿಗ್ಗೆ ಅಲ್ಲಿ ನಮ್ಮ ಹಾಡು ಅಂತ ಗೊತ್ತಾಯಿತು. ಅದಕ್ಕೆ ಮೊದಲಿನ ಗುರುವಾರ ಕೊನೆಯ ಅಭ್ಯಾಸ. ಆವತ್ತೇ ಎಡವಟ್ಟಾಯಿತು.

ಕುರ್ಚಿಯಣ್ಣನಿಗೆ ನೆಗಡಿ. ಹತ್ತಕ್ಕೆ ಎಳೆದ ಉಸಿರು ಸಾಲದೆ ಹದಿನೆಂಟಕ್ಕೆ ಮತ್ತೆ ಎಳೆದ, ಟಕ್ ತಾತನೂ ಅಲ್ಲೇ ಉಸಿರೆಳೆದರು. ಎಡಗಡೆ ಖಾಲಿ, ಬಲಗಡೆ ಖಾಲಿ. ನಡುವೆ ನಮ್ಮನೆಯವರ ದನಿ ಬೆತ್ತಲೆ ನಿಂತಿತು. ಒಂದೇ ಕ್ಷಣ. ಆದರೆ ಅವರು ತಮ್ಮ ದನಿಯನ್ನು ತಾವು ಕೇಳಿಬಿಟ್ಟರು. ಬಾಯಿ ಮುಚ್ಚಿತು. ಹಾಳೆ ಕುರ್ಚಿಯ ಮೇಲಿಟ್ಟು, ಮೆಟ್ಟಿಲಿಳಿದು ಹೋಗಿ ಅಂಗಡಿಯ ಕಟ್ಟೆಯ ಮೇಲೆ ಕೂತರು.

ದಾರಿಯಲ್ಲಿ, "ನನ್ನಿಂದ ಆಗಲ್ಲ. ಬಿಟ್ಬಿಡು" ಅಂದರು.

"ಭಾನುವಾರ ಒಂದಿನ ರೀ."

"ಬಂದು ನಿಲ್ತೀನಿ. ಬಾಯಿ ಬಿಡಲ್ಲ."

ಮನೆಗೆ ಬಂದು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತರು. ಆ ಕುರ್ಚಿಯನ್ನೂ ರಿಪೇರಿಗೆ ಕೊಟ್ಟು ವಾಪಸ್ಸು ತರದೇ ಇರಬಾರದಿತ್ತೇ ಅನ್ನಿಸಿತು. ಮಾರನೆಯ ದಿನ ತಿಂಡಿ ತಟ್ಟೆಯಲ್ಲೇ ಉಳಿಯಿತು. ನನಗೆ 'ನಾನು ಇಲ್ದಿದ್ರೆ' ಅಂದ ಆ ಬೆಳಗಿನ ಮಾತು ನೆನಪಾಯಿತು. ನನಗೆ ಭಯವಾಯಿತು, ಮುಚ್ಚಿಡುವುದೇನು. ಈ ಸಲ ಆ ಮನುಷ್ಯ ಹಿಂದಕ್ಕೆ ಹೋದರೆ ಮತ್ತೆ ಎಳೆದು ತರುವ ಹಗ್ಗ ನನ್ನ ಹತ್ತಿರ ಇರಲಿಲ್ಲ.

ಭಯವಾದಾಗ ನನಗೆ ಸುಮ್ಮನಿರಲು ಬರುವುದಿಲ್ಲ, ಹುಟ್ಟುಗುಣ. ಶುಕ್ರವಾರ ಮಧ್ಯಾಹ್ನ ಕೆಲಸಕ್ಕೆ ಚಕ್ಕರ್ ಹೊಡೆದು ಕುರ್ಚಿಯಣ್ಣನ ಅಂಗಡಿಗೆ ಹೋದೆ.

"ನೋಡಪ್ಪ, ಭಾನುವಾರ ಅವರು ಹಾಡಿದ್ರೂ ಹಾಡಬಹುದು. ಹಾಡಿದ್ರೆ ಹದಿನಾಲ್ಕಕ್ಕೆ ಉಸಿರು ತೊಗೋತಾರೆ. ನೀನು ಮಾತ್ರ ಇಪ್ಪತ್ತು ಎಣಿಸೋವರೆಗೂ ಉಸಿರು ಕದೀಬೇಡ, ದನಿ ನಿಲ್ಲಿಸಬೇಡ. ಕೋಚ್ ಕೊಟ್ಟ ಎಣಿಕೆ ಮರೆತುಬಿಡು. ಮಿಕ್ಕವರು ಹೇಗಾದ್ರೂ ಮಾಡ್ಕೊಳ್ಳಲಿ, ನಿನ್ನ ದನಿ ಒಂದು ಗೋಡೆ ಥರ ಅವರ ಪಕ್ಕದಲ್ಲಿರ್ಲಿ. ಅವರು ಒಂಟಿ ಆಗಬಾರದು."

"ಆಯ್ತಕ್ಕ. ಪ್ರಾಣ ಹೋದ್ರೂ ಬಿಡಲ್ಲ."

"ಯಾರಿಗೂ ಹೇಳ್ಬೇಡ. ಕೋಚ್‌ಗಂತೂ ಬಾಯೇ ಬಿಡ್ಬೇಡ."

ಅಲ್ಲಿಗೆ ನಿಲ್ಲಿಸಿದ್ದರೆ ನಾನು ಬುದ್ಧಿವಂತೆ. ಆದರೆ ಕುರ್ಚಿಯಣ್ಣನಿಗೆ ನೆಗಡಿ ಇತ್ತಲ್ಲ, ಅವನನ್ನು ನಂಬುವುದು ಹೇಗೆ? ಟಕ್ ತಾತನ ಮನೆಗೆ ಹೋದೆ. ಎಂಬತ್ತು ವರ್ಷದ ಪುಪ್ಪುಸ, ಅದರ ಮೇಲೆ ಎಷ್ಟು ಭರವಸೆ ಇಡಬಹುದು? ಅಂಚೆಯಕ್ಕನನ್ನು ರಸ್ತೆಯಲ್ಲೇ ಹಿಡಿದೆ. ಅವಳು ಮುಂದಿನ ಸಾಲಿನವಳು, ಅವಳ ದನಿ ಹಿಂದಕ್ಕೆ ತಲುಪದಿದ್ದರೆ? ಹೀಗೆ ಶುಕ್ರವಾರ, ಶನಿವಾರ ಎರಡು ದಿನ ಊರೆಲ್ಲ ಸುತ್ತಿ ಹನ್ನೊಂದು ಜನರನ್ನೂ ಕಂಡೆ. ಹನ್ನೊಂದು ಜನಕ್ಕೂ ಅದೇ ಮಾತು: ಇಪ್ಪತ್ತರವರೆಗೆ ನೀವು ಮಾತ್ರ ಬಿಡಬೇಡಿ, ಯಾರಿಗೂ ಹೇಳಬೇಡಿ. ಒಬ್ಬೊಬ್ಬರೂ ನನ್ನ ಕೈ ಹಿಡಿದು ಮಾತು ಕೊಟ್ಟರು. ಎಂಥಾ ಒಳ್ಳೆಯ ಜನ ಅಂದುಕೊಂಡು ಮನೆಗೆ ಬಂದು ನಿಶ್ಚಿಂತೆಯಿಂದ ಮಲಗಿದೆ. ಆ ನಿದ್ದೆಗೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಭಾನುವಾರ ಈಜುಕೊಳದಲ್ಲಿ ಹೊಸ ಬಣ್ಣದ ವಾಸನೆ. ನೀಲಿ ನೀರು ಅಲುಗದೆ ನಿಂತಿತ್ತು. ಅದರ ಆಚೆ ಮೆಟ್ಟಿಲುಗಳ ಮೇಲೆ ನೂರೈವತ್ತು ಜನ, ಈಚೆ ನಾವು. ಒಬ್ಬರು ಕೆಮ್ಮಿದರೆ ಸೂರಿನಡಿ ಮೂರು ಜನ ಕೆಮ್ಮಿದ ಹಾಗೆ ಕೇಳಿಸುತ್ತಿತ್ತು. ನಮ್ಮನೆಯವರು ಜನರನ್ನು ನೋಡಲಿಲ್ಲ, ತಲೆಯೆತ್ತಿ ಸೂರು ನೋಡಿದರು. ಉದ್ದನೆಯ ಕಬ್ಬಿಣದ ತೊಲೆಗಳು ಗೋಡೆಯಿಂದ ಗೋಡೆಗೆ.

"ಒಂದೊಂದೂ ಆರು ಟನ್ ಇರಬೇಕು" ಅಂದರು ಕುರ್ಚಿಯಣ್ಣನಿಗೆ. "ಎತ್ತಿದವನು ಒಳ್ಳೆ ಕೆಲಸಗಾರ. ಒಂದು ಕೂದಲೂ ಓರೆ ಇಲ್ಲ."

ಕೇಳದೇ ಆಡಿದ ಮಾತು! ನಾನು ಅಂಚೆಯಕ್ಕನ ಕೈ ಗಟ್ಟಿಯಾಗಿ ಹಿಸುಕಿದೆ. ಅವಳು ಅದನ್ನು ನಮ್ಮ ಗುಟ್ಟಿನ ಸನ್ನೆ ಅಂದುಕೊಂಡು ಕಣ್ಣು ಮಿಟುಕಿಸಿದಳು.

ಹಾಡು ಶುರುವಾಯಿತು. ಮೊದಲ ಸಾಲಿಗೆ ಅವರ ದನಿ ಇರಲಿಲ್ಲ. ಎರಡನೆಯದಕ್ಕೂ ಇಲ್ಲ. ಮೂರನೆಯ ಸಾಲಿನ ಹೊತ್ತಿಗೆ ನನ್ನ ಬೆನ್ನ ಹಿಂದೆ ಆ ಧೂಳು ಹಿಡಿದ ದನಿ ಎದ್ದಿತು. ಬಾಯಿ ಬಿಡಲ್ಲ ಅಂದವರು! ಆ ಸೂರಿನ ಕೆಳಗೆ ದನಿಗೆಲ್ಲ ಒಂದು ಹೊಳಪು ಬಂದಿತ್ತು, ನನ್ನ ಮೋಟಾರು ಕೂಡ ಕೇಳುವಂತಿತ್ತು. "ಬಾಗಿಲು ತೆರೆದಿದೆ, ಹೊರಗೆ ಬಾ" ಅಂತ ಹನ್ನೆರಡು ಬಾಯಿ ಒಟ್ಟಿಗೆ ತೆರೆದವು, ಹದಿಮೂರನೆಯದೂ ತೆರೆಯಿತು. ಕೋಚ್ ಬಲಗೈ ಎತ್ತಿ ಹಿಡಿದಳು. ಎಣಿಕೆ ಶುರು.

ಹತ್ತು. ಕುರ್ಚಿಯಣ್ಣ ಬಿಡಲಿಲ್ಲ, ಶಹಬ್ಬಾಸ್. ಹನ್ನೆರಡು. ನನ್ನ ಸರದಿ, ನಾನೂ ಬಿಡಲಿಲ್ಲ, ಹೇಳಿದವಳೇ ಬಿಟ್ಟರೆ ಹೇಗೆ. ಹದಿನಾಲ್ಕು. ಬೆನ್ನ ಹಿಂದೆ ಒಂದು ದನಿ ಮೆಲ್ಲಗೆ ಜಾರಿ, ಮೆಲ್ಲಗೆ ವಾಪಸ್ಸು ಸೇರಿತು. ಪಾಠದಲ್ಲಿ ಹೇಳಿದಂತೆ, ಒಂದು ಕೂದಲೂ ಓರೆಯಿಲ್ಲದೆ. ಹದಿನಾರು. ಅಂಚೆಯಕ್ಕನ ಕುತ್ತಿಗೆಯ ನರ ಉಬ್ಬಿತ್ತು. ಬೇಕರಿಯವನ ಮುಖ ಕೆಂಪಾಗಿತ್ತು. ಇದೇನು ಇವಳ್ಯಾಕೆ ಉಸಿರು ಎಳೆಯುತ್ತಿಲ್ಲ, ಅವನ್ಯಾಕೆ ಎಳೆಯುತ್ತಿಲ್ಲ ಅಂತ ನಾನು ಯೋಚಿಸಿದೆ. ಹದಿನೆಂಟು. ನನಗೆ ಗೊತ್ತಾಯಿತು. ಗೊತ್ತಾಗುವ ಹೊತ್ತಿಗೆ ಇಪ್ಪತ್ತಾಗಿತ್ತು.

ಹನ್ನೆರಡು ಜನ ಒಂದೇ ಸಲ 'ಹ್ಹಾ' ಅಂತ ಉಸಿರೆಳೆದೆವು. ಆ ಸೂರಿನಡಿ ಅದು ಆನೆ ನಿಟ್ಟುಸಿರಿಟ್ಟ ಹಾಗೆ ಕೇಳಿಸಿತು. ಅದರ ಬೆನ್ನಿಗೆ, ಟಕ್. ತಾತನ ಸೆಟ್ಟು.

ಆಮೇಲೆ ಒಂದೇ ಒಂದು ದನಿ.

ಯಾವ ದನಿ ಒಂಟಿಯಾಗಬಾರದು ಅಂತ ನಾನು ಎರಡು ದಿನ ಚಪ್ಪಲಿ ಸವೆಸಿದ್ದೆನೋ, ಅದೇ ದನಿ. ನೂರೈವತ್ತು ಜನರ ಮುಂದೆ, ಆರಾರು ಟನ್ನಿನ ತೊಲೆಗಳ ಕೆಳಗೆ, ಒಂಟಿ. ಈಗ ನಿಲ್ಲುತ್ತದೆ, ಈಗ ಬಾಯಿ ಮುಚ್ಚುತ್ತದೆ, ಹಾಳೆ ಕುರ್ಚಿಯ ಮೇಲಿಟ್ಟು ಹೋಗುತ್ತಾರೆ ಅಂತ ನಾನು ಕಾದೆ. ನನ್ನ ಬಾಯಿ ತೆರೆದೇ ಇತ್ತು, ದನಿ ಹೊರಡಲಿಲ್ಲ. ಮಿಕ್ಕವರೂ ಹಾಗೇ, ಕಲ್ಲಾಗಿ ನಿಂತಿದ್ದರು. ನಾನು ತಿರುಗಬಾರದೆಂದು ತಿಂಗಳುಗಟ್ಟಲೆ ತಡೆದುಕೊಂಡಿದ್ದವಳು ಆಗ ತಿರುಗಿಬಿಟ್ಟೆ.

ಅವರು ನನ್ನನ್ನು ನೋಡುತ್ತಿರಲಿಲ್ಲ. ಯಾರನ್ನೂ ನೋಡುತ್ತಿರಲಿಲ್ಲ. ಕೋಚ್ ಎತ್ತಿ ಹಿಡಿದ ಕೈ ನೋಡುತ್ತಿದ್ದರು. ಅವಳಿಗೂ ದಿಗಿಲಾಗಿ ಕೈ ಅಲ್ಲೇ ನಿಂತುಬಿಟ್ಟಿತ್ತು. ಕೈ ಇಳಿದಿಲ್ಲ, ಭಾರ ಇಳಿಸುವಂತಿಲ್ಲ. ಇಪ್ಪತ್ತೆರಡು, ಇಪ್ಪತ್ತನಾಲ್ಕು, ಇಪ್ಪತ್ತಾರು. ಅಲುಗದೆ, ಏರದೆ, ಇಳಿಯದೆ ಅವರು ಆ 'ಬಾ' ಹಿಡಿದುಕೊಂಡಿದ್ದರು. ಮುಖದಲ್ಲಿ ಭಯದ ಸುಳಿವಿಲ್ಲ. ಆ ಮುಖ ನನಗೆ ಗೊತ್ತಿತ್ತು. ಮದುವೆಯಾದ ಹೊಸತರಲ್ಲಿ ಒಂದು ಸಲ ಏಣಿ ಹತ್ತಿ ಆ ಗಾಜಿನ ಗೂಡಿನವರೆಗೆ ಹೋಗಿ ನೋಡಿದ್ದೆ.

ಇಪ್ಪತ್ತೆಂಟಕ್ಕೆ ಟಕ್ ತಾತ ಮೆಲ್ಲಗೆ ಸೇರಿಕೊಂಡರು. ಆಮೇಲೆ ಕುರ್ಚಿಯಣ್ಣ. ಆಮೇಲೆ ಅಂಚೆಯಕ್ಕ, ಬೇಕರಿಯವನು, ಒಬ್ಬೊಬ್ಬರಾಗಿ ಕಳ್ಳರ ಹಾಗೆ. ಎಲ್ಲರೂ ಬಂದರು ಅಂತ ಖಾತ್ರಿಯಾದ ಮೇಲೆಯೇ ನಮ್ಮನೆಯವರು ಎರಡನೇ ಉಸಿರು ಕದ್ದರು. ನಲವತ್ತಕ್ಕೆ ಕೋಚ್ ಕೈ ಇಳಿಸಿದಳು. ಎಲ್ಲರ ದನಿಯೂ ನಿಂತಿತು. ನಾನಂತೂ ಹಾಡಿರಲೇ ಇಲ್ಲ, ಮೂಗು ಒರೆಸುತ್ತಿದ್ದೆ.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುಂದಿನ ಮೆಟ್ಟಿಲಲ್ಲಿದ್ದ ಒಬ್ಬ ಹಿರಿಯರು ಬಂದು ಕೋಚ್‌ಗೆ, "ಎಲ್ಲರನ್ನೂ ನಿಲ್ಲಿಸಿ ಒಂದೇ ದನಿ ಉಳಿಸಿದ್ರಲ್ಲ, ಎಂಥಾ ಉಪಾಯ!" ಅಂದರು. ಅವಳು ನಾಚಿಕೆಯಿಲ್ಲದೆ, "ತುಂಬಾ ಅಭ್ಯಾಸ ಬೇಕಾಯ್ತು" ಅಂದಳು.

ಬಟ್ಟೆ ಬದಲಿಸುವ ಕೋಣೆಗೆ ಬಂದದ್ದೇ ತಡ, ಅವಳ ಸೀಟಿ ಬಾಯಿಗೆ ಬಂತು.

"ಇಪ್ಪತ್ತಕ್ಕೆ ಉಸಿರು ತೊಗೊಳ್ಳಿ ಅಂತ ನಿಮಗೆಲ್ಲ ಯಾರು ಹೇಳಿದ್ದು?"

"ನನಗೆ ಮಾತ್ರ ಹೇಳಿದ್ದು" ಅಂದ ಕುರ್ಚಿಯಣ್ಣ.

"ನಿನಗಾ? ನನಗೆ ಮಾತ್ರ ಅಂತ ಹೇಳಿದ್ರು!" ಅಂದಳು ಅಂಚೆಯಕ್ಕ.

"ನನ್ನ ಕೈಲಿ ಆಣೆ ಹಾಕಿಸ್ಕೊಂಡಿದ್ದಾಳಲ್ಲಮ್ಮ" ಅಂದರು ಟಕ್ ತಾತ.

ಹನ್ನೊಂದು ಮುಖಗಳು ಒಟ್ಟಿಗೆ ನನ್ನ ಕಡೆ ತಿರುಗಿದವು. ಇಷ್ಟು ಹೊಂದಾಣಿಕೆ ಹಾಡಿನಲ್ಲಿ ಒಂದು ದಿನವೂ ಇರಲಿಲ್ಲ. ನಮ್ಮನೆಯವರು ಮೂಲೆಯಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದವರು ತಲೆಯೆತ್ತಿ ನೋಡಿದರು. ಅವರ ಬೆನ್ನ ಹಿಂದೆ ಅವರಿಗಾಗಿ ಊರೆಲ್ಲ ಬೇಡಿಕೊಂಡು ಬಂದಿದ್ದೇನೆ ಅಂತ ಗೊತ್ತಾದರೆ ಯಾವ ಗಂಡಸು ಸಹಿಸುತ್ತಾನೆ? ಮುಗಿಯಿತು, ನನ್ನ ಕೈಯಾರೆ ನಾನೇ ಕೆಡಿಸಿದೆ ಅಂದುಕೊಂಡೆ.

ರಸ್ತೆಗೆ ಬಂದೆವು. ಹತ್ತು ಹೆಜ್ಜೆ ಹಾಕಿದೆವು. ಆಮೇಲೆ ಶುರುವಾಯಿತು.

"ಅಲ್ಲ ಕಣೇ, ಬುದ್ಧಿ ಎಲ್ಲಿಟ್ಟಿದ್ದೆ? ಹನ್ನೊಂದು ಜನಕ್ಕೂ ಒಂದೇ ಸಿಗ್ನಲ್ ಕೊಡ್ತಾರಾ ಯಾರಾದ್ರೂ? ಸೈಟಲ್ಲಿ ಹೀಗೆ ಮಾಡಿದ್ರೆ ಏನಾಗುತ್ತೆ ಗೊತ್ತಾ? ಹೆಣ ಬೀಳುತ್ತೆ, ಹೆಣ!"

"ತಪ್ಪಾಯ್ತು ರೀ."

"ತಪ್ಪಂತೆ! ಇಪ್ಪತ್ತಾರು ವರ್ಷ ಹಲ್ಲು ಎಣಿಸಿದೀಯ, ಹನ್ನೊಂದು ಜನ ಎಣಿಸೋಕೆ ಬರ್ಲಿಲ್ವಾ? ಆ ತಾತನ ವಯಸ್ಸೇನು, ಇಪ್ಪತ್ತರವರೆಗೆ ಹಿಡಿ ಅಂತ ಹೇಳಿದೀಯಲ್ಲ, ಪ್ರಾಣ ಹೋಗಿದ್ರೆ? ಮೊದಲು ಅವರ ಸೆಟ್ಟು ಸರಿ ಮಾಡ್ಕೊಡು!"

ಹದಿನಾಲ್ಕು ತಿಂಗಳ ಬೈಗುಳ ಬಾಕಿಯಿತ್ತು, ಒಂದೇ ರಸ್ತೆಯಲ್ಲಿ ತೀರಿಸಿದರು. ದಾರಿಯಲ್ಲಿ ಹೋಗುವವರು ತಿರುಗಿ ನೋಡಿದರು. ಒಂದೊಂದು ಮಾತಿಗೂ ಎದುರು ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು, ಒಂದನ್ನೂ ಆಡಲಿಲ್ಲ. ಬೈಸಿಕೊಳ್ಳುವುದರಲ್ಲಿ ಇಷ್ಟು ಸುಖವಿದೆ ಅಂತ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

ನಮ್ಮ ಬೀದಿಯ ತಿರುವಿನಲ್ಲಿ ಅವರು ನಿಂತರು. ಸೊಂಟದ ಮೇಲೆ ಕೈ.

"ಎಲ್ಲರೂ ಕೈಬಿಟ್ರಿ. ಒಬ್ಬರ ದನಿಯಾದ್ರೂ ಇತ್ತಾ ಅಲ್ಲಿ? ನಾನು ಇಲ್ದಿದ್ರೆ ನಿಮ್ಮೆಲ್ಲರ ಗತಿ ಏನಾಗ್ತಿತ್ತು? ಯೋಚನೆ ಮಾಡಿದೀಯಾ?"

ತಾವು ಏನು ಹೇಳಿದರು ಅಂತ ಅವರಿಗೇ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

"ಮಾಡಿದೀನಿ ರೀ" ಅಂದೆ. "ಹದಿನಾಲ್ಕು ತಿಂಗಳಿಂದ ಅದೊಂದೇ ಯೋಚನೆ ಮಾಡಿದೀನಿ."

ಅವರು ನನ್ನ ಮುಖ ನೋಡಿದರು. ಕೈ ಸೊಂಟದಿಂದ ಇಳಿಯಿತು. ನನ್ನ ಹೆಗಲಿನ ಬ್ಯಾಗು ತೆಗೆದು ತಮ್ಮ ಹೆಗಲಿಗೆ ಹಾಕಿಕೊಂಡರು.

"ಮುಂದಿನ ಗುರುವಾರ ಬೇಗ ಹೊರಡು" ಅಂದರು. "ಹೋದ ಸಲ ಮೂರು ಕಾಲಿನ ಕುರ್ಚಿ ಸಿಕ್ಕಿತ್ತು."

ಹೇಳಿ ನಕ್ಕರು. ನಾನು ಬಾಯಿ ನೋಡಿದೆ. ಮೂವತ್ತೆರಡೂ ಇದ್ದವು.